ಗರ್ಭನಿರೋಧಕ ಗುಳಿಗೆ ಮತ್ತು ಕೊಲೆಸ್ಟ್ರಾಲ್: ರಿಪೋರ್ಟ್ ನೋಡಿ ಗಾಬರಿಯಾಗುವ ಮುಂಚೆ

“ಗುಳಿಗೆ ಶುರು ಮಾಡಿ ಆರು ತಿಂಗಳಾಯ್ತು. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಅಂತ ಬಂದಿದೆ. ನಿಲ್ಲಿಸಿಬಿಡಲಾ?”

ಬೇರೆ ಬೇರೆ ಮಾತಿನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೆಲವರು ಗುಳಿಗೆ ಇನ್ನೂ ಶುರು ಮಾಡಿಲ್ಲ, ಆದರೆ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಹಾಗಾಗಿ ಹೆದರಿಕೆ. ಇನ್ನು ಕೆಲವರು ಮೊಡವೆಗೋ ಪಿಸಿಓಎಸ್‌ಗೋ (ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದೆಮುಂದೆ ಆಗುವ ಅಂಡಾಶಯದ ತೊಂದರೆ) ಗುಳಿಗೆ ನುಂಗುತ್ತಿದ್ದಾರೆ, ಅದೂ ಗರ್ಭನಿರೋಧಕವೇ ಅನ್ನುವುದು ಅವರಿಗೆ ಮರೆತೇಹೋಗಿದೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ರಿಪೋರ್ಟ್ ಕೈಗೆ ಬಂದ ದಿನವೇ ಗುಳಿಗೆ ಬಿಸಾಕಬೇಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತದೆ. ‘ಕೊಲೆಸ್ಟ್ರಾಲ್ ಜಾಸ್ತಿ’ ಅನ್ನುವ ಎರಡು ಪದದಿಂದ ಏನೂ ತಿಳಿಯುವುದಿಲ್ಲ. ಯಾವ ಹಾರ್ಮೋನ್ ಒಳಗೆ ಹೋಗುತ್ತಿದೆ, ರಿಪೋರ್ಟಿನ ಯಾವ ಸಾಲು ಏರಿದೆ, ಇವೆರಡು ಗೊತ್ತಾದರೆ ಮುಕ್ಕಾಲು ಗೊಂದಲ ಕರಗುತ್ತದೆ.

ಕೈಯಲ್ಲಿ ಏನೇನು ಇರಬೇಕು

ಗುಳಿಗೆಯ ಸ್ಟ್ರಿಪ್ ಅಥವಾ ಅದರ ಡಬ್ಬಿ. ಲಿಪಿಡ್ ಪ್ರೊಫೈಲ್ ರಿಪೋರ್ಟ್, ಅಂದರೆ ರಕ್ತದಲ್ಲಿರುವ ಕೊಬ್ಬಿನ ಲೆಕ್ಕ. ಗುಳಿಗೆ ಶುರು ಮಾಡುವ ಮುಂಚಿನ ಹಳೆಯ ರಿಪೋರ್ಟ್ ಇದ್ದರೆ ಚಿನ್ನದಂಥದ್ದು, ಹುಡುಕಿ ತೆಗೆಯಿರಿ. ಇತ್ತೀಚಿನ ಬಿಪಿ ಎಷ್ಟು ಅಂತ ಬರೆದುಕೊಳ್ಳಿ. ಬೇರೆ ಏನೇನು ಔಷಧಿ ತಗೊಳ್ಳುತ್ತಿದ್ದೀರಿ ಅನ್ನುವ ಪಟ್ಟಿಯೂ ಬೇಕು, ಚರ್ಮದ ಡಾಕ್ಟರ್ ಕೊಟ್ಟದ್ದೂ ಸೇರಿಸಿ. ಕೂಡಿಸಿ ಕಳೆಯಲು ಫೋನಿನ ಕ್ಯಾಲ್ಕುಲೇಟರ್ ಸಾಕು.

ಹಂತ 1: ಸ್ಟ್ರಿಪ್ಪಿನ ಹಿಂಭಾಗ ಓದಿ

ಬ್ರ್ಯಾಂಡ್ ಹೆಸರನ್ನು ನಂಬಬೇಡಿ. ಒಂದೇ ಹೆಸರಿಗೆ ಬೇರೆ ಬೇರೆ ಬಾಲ ಅಂಟಿಸಿ ಎರಡು ಮೂರು ತರಹದ ಗುಳಿಗೆ ಮಾರುತ್ತಾರೆ. ಒಳಗಿನ ಔಷಧಿಯ ಹೆಸರು ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೆಳಕಿಗೆ ಹಿಡಿದು ಓದಿ.

ಎರಡು ಹೆಸರು ಕಂಡರೆ ಅದು ಸಂಯುಕ್ತ ಗುಳಿಗೆ, ಎರಡು ಹಾರ್ಮೋನ್ ಸೇರಿದ್ದು. ಒಂದು ಈಸ್ಟ್ರೋಜೆನ್. ಸಾಮಾನ್ಯವಾಗಿ ‘ಎಥಿನೈಲ್ ಎಸ್ಟ್ರಡಯೋಲ್ 0.03 ಮಿ.ಗ್ರಾಂ’ ಅಂತ ಇರುತ್ತದೆ, ಅಂದರೆ 30 ಮೈಕ್ರೋಗ್ರಾಂ. 0.02 ಅಂತ ಇದ್ದರೆ 20 ಮೈಕ್ರೋಗ್ರಾಂ. ಇನ್ನೊಂದು ಪ್ರೊಜೆಸ್ಟೋಜೆನ್, ಅಂದರೆ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ. ಲೆವೊನಾರ್ಜೆಸ್ಟ್ರಲ್, ಡೆಸೊಜೆಸ್ಟ್ರಲ್, ಡ್ರೊಸ್ಪೈರಿನೋನ್, ಸೈಪ್ರೊಟೆರೋನ್ ಇವೆಲ್ಲ ಆ ಗುಂಪಿನವು. ಒಂದೇ ಹೆಸರಿದ್ದು ಅದು ಈ ಎರಡನೇ ಗುಂಪಿನದ್ದಾದರೆ ನಿಮ್ಮದು ಪ್ರೊಜೆಸ್ಟೋಜೆನ್ ಮಾತ್ರ ಇರುವ ಗುಳಿಗೆ.

ಸಂಯುಕ್ತ ಗುಳಿಗೆಯ ಸ್ಟ್ರಿಪ್ಪಿನಲ್ಲಿ 28 ಇದ್ದರೆ ಬೇರೆ ಬಣ್ಣದವು ಕೆಲವು ಇರುತ್ತವೆ, ಬಹಳ ಸಲ 7. ಅವುಗಳಲ್ಲಿ ಹಾರ್ಮೋನ್ ಇಲ್ಲ. ಕೆಲವದರಲ್ಲಿ ಕಬ್ಬಿಣದಂಶ ಹಾಕಿರುತ್ತಾರೆ, ಕೆಲವದರಲ್ಲಿ ಅದೂ ಇಲ್ಲ.

ಗುಳಿಗೆ ಅಲ್ಲದೆ ಬೇರೆ ವಿಧಾನ ಬಳಸುತ್ತಿದ್ದೀರಾ? ಚರ್ಮಕ್ಕೆ ಅಂಟಿಸುವ ಪ್ಯಾಚ್ ಮತ್ತು ಯೋನಿಯಲ್ಲಿಡುವ ರಿಂಗ್ ಸಂಯುಕ್ತ ಗುಂಪಿಗೆ ಸೇರಿದವು. ಮೂರು ತಿಂಗಳಿಗೊಮ್ಮೆ ಹಾಕಿಸುವ ಡಿಎಂಪಿಎ ಇಂಜೆಕ್ಷನ್, ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ವಂಕಿ, ಇವು ಪ್ರೊಜೆಸ್ಟೋಜೆನ್ ಮಾತ್ರ ಇರುವ ಗುಂಪು. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ಕಾಪರ್-ಟಿ ಹಾಕಿಸಿಕೊಂಡು ಕೊಲೆಸ್ಟ್ರಾಲ್ ಏರಿದ್ದರೆ ಅದರ ಮೇಲೆ ತಪ್ಪು ಹೊರಿಸಬೇಡಿ. ಕಾರಣ ಬೇರೆ ಕಡೆ ಇದೆ. ನೀವು ನೇರ ಹಂತ 5ಕ್ಕೆ ಹೋಗಬಹುದು.

ಇಲ್ಲೊಂದು ಮಾತು. ಗುಳಿಗೆ ಬಗ್ಗೆ ಹಿರಿಯರು ಹೇಳುವ ಭಯದ ಕಥೆಗಳಲ್ಲಿ ಕೆಲವು ಸುಳ್ಳಲ್ಲ, ಹಳೆಯವು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಮೊದಲು ಒಪ್ಪಿಗೆ ಪಡೆದ ಎನೋವಿಡ್ ಗುಳಿಗೆಯಲ್ಲಿ ಮೆಸ್ಟ್ರನಾಲ್ ಅನ್ನುವ ಈಸ್ಟ್ರೋಜೆನ್ 150 ಮೈಕ್ರೋಗ್ರಾಂ ಇತ್ತು, ಪ್ರೊಜೆಸ್ಟೋಜೆನ್ ಹತ್ತಿರ ಹತ್ತಿರ 10 ಮಿಲಿಗ್ರಾಂ. ಈಗಿನ ಗುಳಿಗೆಗಳ ಡೋಸ್ ಅದರ ಮುಂದೆ ಏನೂ ಅಲ್ಲ.

ಹಂತ 2: ಯಾವುದು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ರಿಪೋರ್ಟಿನಲ್ಲಿ ಬರುವ ಹೆಸರುಗಳು ಮೊದಲು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ, ರಕ್ತದಲ್ಲಿ ಓಡಾಡಲು ಅದಕ್ಕೆ ಗಾಡಿ ಬೇಕು. ಎಲ್‌ಡಿಎಲ್ ಅನ್ನುವ ಗಾಡಿ ಕೊಲೆಸ್ಟ್ರಾಲನ್ನು ರಕ್ತನಾಳದ ಗೋಡೆಗೆ ಮೆತ್ತುತ್ತದೆ, ಹಾಗಾಗಿ ‘ಕೆಟ್ಟದ್ದು’. ಎಚ್‌ಡಿಎಲ್ ವಾಪಸ್ ಲಿವರಿಗೆ ಹೊತ್ತು ತರುತ್ತದೆ, ಹಾಗಾಗಿ ‘ಒಳ್ಳೆಯದು’. ಟ್ರೈಗ್ಲಿಸರೈಡ್ ಕೊಲೆಸ್ಟ್ರಾಲ್ ಅಲ್ಲ, ದೇಹ ಶಕ್ತಿಗಾಗಿ ಕೂಡಿಡುವ ಕೊಬ್ಬು. ಅದು ವಿಎಲ್‌ಡಿಎಲ್ ಅನ್ನುವ ದೊಡ್ಡ ಗಾಡಿಯಲ್ಲಿ ಲಿವರಿನಿಂದ ಹೊರಡುತ್ತದೆ.

ಈಗ ಹಾರ್ಮೋನ್. ಬಾಯಿಂದ ನುಂಗಿದ ಈಸ್ಟ್ರೋಜೆನ್ ಕರುಳಿನಿಂದ ನೇರ ಲಿವರಿಗೆ ಹೋಗುತ್ತದೆ. ಅಲ್ಲಿ ಮೂರು ಕೆಲಸ ಮಾಡುತ್ತದೆ. ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಬಾಗಿಲುಗಳನ್ನು ಹೆಚ್ಚಿಸುತ್ತದೆ, ರಕ್ತದಲ್ಲಿ ಎಲ್‌ಡಿಎಲ್ ಇಳಿಯುತ್ತದೆ. ಎಚ್‌ಡಿಎಲ್ ಏರಿಸುತ್ತದೆ. ಜೊತೆಗೆ ವಿಎಲ್‌ಡಿಎಲ್ ತಯಾರಿಕೆಯನ್ನೂ ಜೋರು ಮಾಡುತ್ತದೆ, ಅದರಿಂದ ಟ್ರೈಗ್ಲಿಸರೈಡ್ ಏರುತ್ತದೆ. ಎರಡು ಒಳ್ಳೆಯ ಸುದ್ದಿ, ಒಂದು ಕೆಟ್ಟದ್ದು.

ಪ್ರೊಜೆಸ್ಟೋಜೆನ್ ಇದಕ್ಕೆ ಎದುರು ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಅನ್ನುವುದು ಅದರ ಸ್ವಭಾವದ ಮೇಲಿದೆ. ಲೆವೊನಾರ್ಜೆಸ್ಟ್ರಲ್‌ಗೆ ಗಂಡು ಹಾರ್ಮೋನಿನ ಗುಣ ಸ್ವಲ್ಪ ಇದೆ. ಅದು ಎಚ್‌ಡಿಎಲ್ ಇಳಿಸುವ ಕಡೆ, ಎಲ್‌ಡಿಎಲ್ ಏರಿಸುವ ಕಡೆ ತಳ್ಳುತ್ತದೆ. ಆದರೆ ಟ್ರೈಗ್ಲಿಸರೈಡ್ ಏರುವುದನ್ನೂ ಒಂದಿಷ್ಟು ತಡೆಯುತ್ತದೆ. ಡೆಸೊಜೆಸ್ಟ್ರಲ್, ಡ್ರೊಸ್ಪೈರಿನೋನ್, ಸೈಪ್ರೊಟೆರೋನ್ ಇಂಥವಕ್ಕೆ ಆ ಗುಣ ಕಡಿಮೆ ಅಥವಾ ಇಲ್ಲ. ಅವು ಈಸ್ಟ್ರೋಜೆನ್ನಿಗೆ ಅಡ್ಡ ಬರುವುದಿಲ್ಲ. ಹಾಗಾಗಿ ಎಚ್‌ಡಿಎಲ್ ಚೆನ್ನಾಗಿ ಏರುತ್ತದೆ, ಜೊತೆಗೆ ಟ್ರೈಗ್ಲಿಸರೈಡೂ ಏರುತ್ತದೆ.

ಎಷ್ಟು ಏರಬಹುದು? ಹಲವು ಬಗೆಯ ಸಂಯುಕ್ತ ಗುಳಿಗೆಗಳನ್ನು ಹೋಲಿಸಿ 1990ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಗುಳಿಗೆಯನ್ನು ಅವಲಂಬಿಸಿ ಟ್ರೈಗ್ಲಿಸರೈಡ್ ಶೇ. 13ರಿಂದ 75ರವರೆಗೆ ಹೆಚ್ಚು ಕಂಡಿತ್ತು. 80 ಇದ್ದವರಿಗೆ ಶೇ. 50 ಏರಿದರೆ 120, ಏನೂ ತೊಂದರೆ ಇಲ್ಲ. ಮೊದಲೇ 350 ಇದ್ದವರಿಗೆ ಅಷ್ಟೇ ಏರಿದರೆ 500 ದಾಟುತ್ತದೆ. ಎಲ್ಲರಿಗೂ ಒಂದೇ ಸಲಹೆ ಯಾಕೆ ಕೊಡಲಾಗದು ಅಂತ ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಪ್ಯಾಚ್, ರಿಂಗ್ ಹೊಟ್ಟೆಗೆ ಹೋಗುವುದಿಲ್ಲ, ಹಾಗಾದರೆ ಲಿವರಿಗೆ ತಟ್ಟುವುದಿಲ್ಲ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ತಪ್ಪು. ಅವುಗಳಲ್ಲಿ ಸಾಮಾನ್ಯವಾಗಿ ಇರುವುದೂ ಎಥಿನೈಲ್ ಎಸ್ಟ್ರಡಯೋಲೇ. ಅದು ಸುಲಭಕ್ಕೆ ಕರಗುವ ವಸ್ತುವಲ್ಲ, ರಕ್ತದ ಮೂಲಕ ಲಿವರಿಗೆ ಮತ್ತೆ ಮತ್ತೆ ಬಂದು ಅದೇ ಕೆಲಸ ಮಾಡುತ್ತದೆ. ದೇಹದಲ್ಲೇ ಇರುವಂಥ ಎಸ್ಟ್ರಡಯೋಲ್ ಹಾಕಿದ ಹೊಸ ಗುಳಿಗೆಗಳಿವೆ, ಅವು ಲಿವರಿನ ಮೇಲೆ ಕಡಿಮೆ ಒತ್ತಡ ಹಾಕುತ್ತವೆ.

ಪ್ರೊಜೆಸ್ಟೋಜೆನ್ ಮಾತ್ರ ಇರುವ ಗುಳಿಗೆ, ಇಂಪ್ಲಾಂಟ್, ಹಾರ್ಮೋನ್ ವಂಕಿ ಇವುಗಳಿಂದ ರಕ್ತದ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ವಂಕಿಯ ಹಾರ್ಮೋನ್ ಬಹುಪಾಲು ಗರ್ಭಕೋಶದಲ್ಲೇ ಕೆಲಸ ಮಾಡುತ್ತದೆ. ಈ ಗುಂಪಿನಲ್ಲಿ ಡಿಎಂಪಿಎ ಇಂಜೆಕ್ಷನ್ ಮಾತ್ರ ಬೇರೆ. ಒಮ್ಮೆಗೆ 150 ಮಿಲಿಗ್ರಾಂ ದೊಡ್ಡ ಡೋಸ್. ಎಚ್‌ಡಿಎಲ್ ಇಳಿಸುತ್ತದೆ, ಕೆಲವರಲ್ಲಿ ಎಲ್‌ಡಿಎಲ್ ಸ್ವಲ್ಪ ಏರುತ್ತದೆ, ಇನ್ನು ಕೆಲವರಲ್ಲಿ ತೂಕವೂ ಹೆಚ್ಚುತ್ತದೆ.

*ಎಡವುವ ಜಾಗ:* “ನನ್ನ ಗುಳಿಗೆಯಿಂದ ಎಲ್‌ಡಿಎಲ್ ಇಳಿದಿದೆ, ಎಚ್‌ಡಿಎಲ್ ಏರಿದೆ, ಅಂದರೆ ಹೃದಯಕ್ಕೆ ಒಳ್ಳೆಯದು.” ಹಾಗಲ್ಲ. ಋತುಬಂಧ ಆದ, ಮೊದಲೇ ಹೃದ್ರೋಗ ಇದ್ದ ಮಹಿಳೆಯರಿಗೆ ಹಾರ್ಮೋನ್ ಕೊಟ್ಟು ನೋಡಿದ ‘ಹರ್ಸ್’ ಅನ್ನುವ ಅಧ್ಯಯನ 1998ರಲ್ಲಿ ಬಂತು. ಎಲ್‌ಡಿಎಲ್ ಶೇ. 11 ಇಳಿದಿತ್ತು, ಎಚ್‌ಡಿಎಲ್ ಶೇ. 10 ಏರಿತ್ತು. ಹಾರ್ಟ್ ಅಟ್ಯಾಕ್ ಮಾತ್ರ ಕಡಿಮೆ ಆಗಲಿಲ್ಲ. ಅವರು ಬೇರೆ ವಯಸ್ಸಿನವರು, ಔಷಧಿಯೂ ಬೇರೆ, ನಿಜ. ಆದರೆ ಹಾರ್ಮೋನ್ ತಿದ್ದಿದ ನಂಬರನ್ನು ಹೃದಯದ ಸರ್ಟಿಫಿಕೇಟ್ ಅಂತ ಓದಬಾರದು ಅನ್ನುವುದು ಅಲ್ಲಿ ಸ್ಪಷ್ಟವಾಯಿತು. ಸಂಯುಕ್ತ ಗುಳಿಗೆಯ ದೊಡ್ಡ ಅಪಾಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಅದಕ್ಕೂ ಕೊಲೆಸ್ಟ್ರಾಲಿಗೂ ನೇರ ಸಂಬಂಧವಿಲ್ಲ, ಲಿಪಿಡ್ ರಿಪೋರ್ಟಿನಲ್ಲಿ ಅದು ಕಾಣುವುದೇ ಇಲ್ಲ.

ಹಂತ 3: ಪರೀಕ್ಷೆ ಬೇಕಾ, ಯಾವಾಗ?

ಗುಳಿಗೆ ಶುರು ಮಾಡುವ ಮುಂಚೆ ಎಲ್ಲರೂ ಲಿಪಿಡ್ ಪರೀಕ್ಷೆ ಮಾಡಿಸಲೇಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಅದನ್ನು ಕಡ್ಡಾಯ ಮಾಡಿಲ್ಲ. ಅದು ಒತ್ತಿ ಹೇಳುವುದು ಬಿಪಿ ನೋಡುವುದನ್ನು. ಆರೋಗ್ಯವಾಗಿರುವ 22ರ ಹುಡುಗಿಗೆ ಲಿಪಿಡ್ ರಿಪೋರ್ಟ್ ಬರುವವರೆಗೆ ಗುಳಿಗೆ ಇಲ್ಲ ಅಂದರೆ ಆಗುವ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಆದರೆ ಇಂಥವರು ಮೊದಲೇ ಮಾಡಿಸುವುದು ಜಾಣತನ: ಹಿಂದೆ ಯಾವಾಗಲಾದರೂ ಟ್ರೈಗ್ಲಿಸರೈಡ್ ಅಥವಾ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು, ಶುಗರ್ ಇರುವವರು, ಪಿಸಿಓಎಸ್ ಇರುವವರು, ತೂಕ ಬಹಳ ಇರುವವರು, ಮೇದೋಜ್ಜೀರಕ ಗ್ರಂಥಿಯ ಉರಿಯೂತ ಒಮ್ಮೆಯಾದರೂ ಆದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರು ಇರುವವರು. ಮೇದೋಜ್ಜೀರಕ ಗ್ರಂಥಿ ಅಂದರೆ ಪ್ಯಾಂಕ್ರಿಯಾಸ್, ಹೊಟ್ಟೆಯ ಹಿಂದೆ ಇರುವ ಜೀರ್ಣರಸದ ಗ್ರಂಥಿ. ಅದರ ವಿಷಯ ಮುಂದೆ ಬರುತ್ತದೆ.

ಮಾಡಿಸುವಾಗ ಇಷ್ಟು ನೆನಪಿಡಿ. ಟ್ರೈಗ್ಲಿಸರೈಡ್ ನೋಡುವ ಉದ್ದೇಶವಿದ್ದರೆ 9ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿರಿ. ನೀರು ಕುಡಿಯಬಹುದು. ಹಿಂದಿನ ಎರಡು ಮೂರು ದಿನ ಮದ್ಯ ಬೇಡ. ಜ್ವರ, ಸೋಂಕು, ಆಪರೇಷನ್ ಆದ ಕೂಡಲೇ ಮಾಡಿಸಬೇಡಿ, ಕಾಯಿಲೆಯಲ್ಲಿ ನಂಬರುಗಳು ಏರುಪೇರಾಗುತ್ತವೆ. ಹೆರಿಗೆಯಾದ ಕೆಲವು ವಾರವೂ ಅಷ್ಟೇ. ಬಸುರಿನಲ್ಲಿ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟು ಏರುವುದು ಸಹಜ, ಇಳಿಯಲು ಸಮಯ ಬೇಕು.

ಹಳೆಯ ರಿಪೋರ್ಟಿಗೆ ಹೋಲಿಸುವುದಾದರೆ ಒಂದೇ ಲ್ಯಾಬ್, ಸ್ಟ್ರಿಪ್ಪಿನ ಒಂದೇ ವಾರ ಇರಲಿ. ಒಮ್ಮೆ ಹಾರ್ಮೋನ್ ಇಲ್ಲದ ವಾರದಲ್ಲಿ, ಇನ್ನೊಮ್ಮೆ ಮೂರನೇ ವಾರದಲ್ಲಿ ಮಾಡಿಸಿದರೆ ನೀವು ಹೋಲಿಸುತ್ತಿರುವುದು ಎರಡು ಬೇರೆ ಸ್ಥಿತಿಗಳನ್ನು. ಹೊಸ ಗುಳಿಗೆ ಶುರು ಮಾಡಿದ್ದರೆ ಸುಮಾರು 3 ತಿಂಗಳು ಬಿಟ್ಟು ನೋಡಿ.

ಹಂತ 4: ರಿಪೋರ್ಟನ್ನು ಕೆಳಗಿನಿಂದ ಓದಿ

ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲಿನ ಸಾಲಿಗೆ, ಒಟ್ಟು ಕೊಲೆಸ್ಟ್ರಾಲ್. 200 ದಾಟಿದರೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಎದೆ ಧಸಕ್ ಅನ್ನುತ್ತದೆ. ಆ ಸಾಲನ್ನು ಕೈಯಿಂದ ಮುಚ್ಚಿಬಿಡಿ. ಕೆಳಗಿನವನ್ನು ನೋಡಿ.

ಲೆಕ್ಕ ತೋರಿಸಲು ಒಂದು ಉದಾಹರಣೆ ಮಾಡೋಣ. ಎಲ್ಲ ನಂಬರೂ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಅಳತೆಯಲ್ಲಿ. ಗುಳಿಗೆಗೆ ಮುಂಚೆ: ಒಟ್ಟು 188, ಎಚ್‌ಡಿಎಲ್ 50, ಟ್ರೈಗ್ಲಿಸರೈಡ್ 100. ಡೆಸೊಜೆಸ್ಟ್ರಲ್ ಇರುವ ಗುಳಿಗೆ ಶುರು ಮಾಡಿದ ಮೇಲೆ: ಒಟ್ಟು 204, ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ 160.

ಎಲ್‌ಡಿಎಲ್ ಅನ್ನು ಬಹಳ ಲ್ಯಾಬುಗಳು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟರಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ. ಮೊದಲು: 188 − 50 − 20 = 118. ಈಗ: 204 − 62 − 32 = 110. ನೋಡಿ, ಒಟ್ಟು 16 ಏರಿ 200ರ ಗೆರೆ ದಾಟಿತು, ಆದರೆ ಕೆಟ್ಟ ಕೊಲೆಸ್ಟ್ರಾಲ್ 8 ಇಳಿದಿದೆ. ಏರಿದ್ದರಲ್ಲಿ 12 ಒಳ್ಳೆಯದ್ದೇ. ಟ್ರೈಗ್ಲಿಸರೈಡ್ 150ರ ಗಡಿ ದಾಟಿದೆ, ಅದನ್ನು ಗಮನದಲ್ಲಿಡಬೇಕು, ಅಷ್ಟೆ. ಈ ರಿಪೋರ್ಟ್ ನೋಡಿ ಗುಳಿಗೆ ನಿಲ್ಲಿಸುವುದು ಮೂರ್ಖತನ.

ಈಗ ಉಲ್ಟಾ ಉದಾಹರಣೆ. ಇಂಜೆಕ್ಷನ್ ಹಾಕಿಸಿಕೊಳ್ಳುವವರು ಅಂದುಕೊಳ್ಳಿ. ಮುಂಚೆ ಒಟ್ಟು 190, ಎಚ್‌ಡಿಎಲ್ 50, ಟ್ರೈಗ್ಲಿಸರೈಡ್ 100, ಲೆಕ್ಕಕ್ಕೆ ಎಲ್‌ಡಿಎಲ್ 120. ಈಗ ಒಟ್ಟು 192, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ ಅಷ್ಟೇ, ಎಲ್‌ಡಿಎಲ್ 132. ಒಟ್ಟು ಬರೀ 2 ಏರಿದೆ, ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರವೇ ಇಲ್ಲ. “ಎಲ್ಲ ನಾರ್ಮಲ್” ಅಂತ ಮಡಚಿಡುತ್ತೀರಿ. ನಿಜಕ್ಕೂ ಕೆಟ್ಟ ದಿಕ್ಕಿಗೆ ಹೋಗಿರುವುದು ಈ ರಿಪೋರ್ಟೇ.

ಇನ್ನೊಂದು ಸುಲಭ ನಂಬರ್ ಇದೆ, ‘ನಾನ್-ಎಚ್‌ಡಿಎಲ್’. ಒಟ್ಟರಿಂದ ಎಚ್‌ಡಿಎಲ್ ಕಳೆದರೆ ಸಿಗುವುದೇ ಅದು, ನಾಳಕ್ಕೆ ಕೆಟ್ಟದ್ದು ಮಾಡುವ ಎಲ್ಲ ಗಾಡಿಗಳ ಮೊತ್ತ. ಟ್ರೈಗ್ಲಿಸರೈಡ್ ಏರಿದ್ದಾಗ ಇದು ಎಲ್‌ಡಿಎಲ್‌ಗಿಂತ ನಂಬಿಕಸ್ತ. ಮೊದಲ ಉದಾಹರಣೆಯಲ್ಲಿ 138 ಇದ್ದದ್ದು 142 ಆಗಿದೆ. ಎರಡನೆಯದರಲ್ಲಿ 140 ಇದ್ದದ್ದು 152.

*ಎಡವುವ ಜಾಗ:* ಟ್ರೈಗ್ಲಿಸರೈಡ್ 400 ದಾಟಿದರೆ ಮೇಲಿನ ಎಲ್‌ಡಿಎಲ್ ಲೆಕ್ಕ ಕೆಲಸ ಮಾಡುವುದಿಲ್ಲ. ಲ್ಯಾಬ್ ಆ ಸಾಲನ್ನು ಖಾಲಿ ಬಿಡಬಹುದು, ಅಥವಾ ‘ಲೈಪೀಮಿಕ್ ಸ್ಯಾಂಪಲ್’ ಅಂತ ಷರಾ ಬರೆಯಬಹುದು. ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಭಾಗ ತಳಕ್ಕಿಳಿದು ಮೇಲೆ ಒಂದು ದ್ರವ ನಿಲ್ಲುತ್ತದೆ. ಅದು ತೆಳು ಹಳದಿಯಾಗಿ, ಆಚೆ ಬದಿ ಕಾಣುವಷ್ಟು ತಿಳಿಯಾಗಿರಬೇಕು. ಟ್ರೈಗ್ಲಿಸರೈಡ್ ವಿಪರೀತ ಇದ್ದರೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕದಡಿರುತ್ತದೆ. ಬಿಟ್ಟರೆ ಮೇಲೆ ಕೆನೆ ಕಟ್ಟುವುದೂ ಉಂಟು. ಎಲ್‌ಡಿಎಲ್ ಸಾಲು ಖಾಲಿ ಇದೆ ಅಂತ ಖುಷಿಪಡಬೇಡಿ, ಅದರ ಅರ್ಥ ಇದು.

ನಿಮ್ಮ ರಿಪೋರ್ಟಿನಲ್ಲಿ ನಂಬರುಗಳು 5.2, 1.8 ಅಂತ ಪುಟ್ಟದಾಗಿದ್ದರೆ ಅದು ಮಿಲಿಮೋಲ್ ಅಳತೆ. ಕೊಲೆಸ್ಟ್ರಾಲ್ ಸಾಲುಗಳನ್ನು 38.7ರಿಂದ, ಟ್ರೈಗ್ಲಿಸರೈಡನ್ನು 88.6ರಿಂದ ಗುಣಿಸಿಕೊಳ್ಳಿ.

ಹಂತ 5: ಬೇರೆ ಕಳ್ಳರನ್ನು ಹುಡುಕಿ

ಗುಳಿಗೆ ಮನೆಯಲ್ಲಿದೆ, ಹೆಸರಿಗೆ ‘ಹಾರ್ಮೋನ್’, ಹಾಗಾಗಿ ತಪ್ಪೆಲ್ಲ ಅದರ ತಲೆಗೆ. ಸ್ವಲ್ಪ ತಾಳಿ.

ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೆ ಎಲ್‌ಡಿಎಲ್ ಏರುತ್ತದೆ. ಟಿಎಸ್‌ಎಚ್ ಅನ್ನುವ ಒಂದು ಪರೀಕ್ಷೆ ಸಾಕು. ಶುಗರ್ ಹಿಡಿತ ತಪ್ಪಿದ್ದರೆ, ಮದ್ಯ ಜಾಸ್ತಿಯಾದರೆ, ಸಿಹಿ ಪಾನೀಯ ಜಾಸ್ತಿಯಾದರೆ ಟ್ರೈಗ್ಲಿಸರೈಡ್ ಏರುತ್ತದೆ. ಪಿಸಿಓಎಸ್‌ನಲ್ಲಿ ಗುಳಿಗೆಗೆ ಮುಂಚೆಯೇ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವುದು ಸಾಮಾನ್ಯ. ಹಳೆಯ ರಿಪೋರ್ಟ್ ಚಿನ್ನ ಅಂತ ಹೇಳಿದ್ದು ಇದಕ್ಕೇ. ಸ್ಟೀರಾಯ್ಡ್ ಮಾತ್ರೆಗಳದ್ದೂ ಪಾತ್ರ ಇರಬಹುದು.

ಒಂದು ಜೋಡಿಯನ್ನು ಮಾತ್ರ ಬಿಡಿಸಿ ಹೇಳಬೇಕು: ಗಟ್ಟಿ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಕ್ಯಾಪ್ಸೂಲ್ ಮತ್ತು ಸಂಯುಕ್ತ ಗುಳಿಗೆ. ಐಸೊಟ್ರೆಟಿನೋಯಿನ್ ತಾನಾಗಿಯೇ ಟ್ರೈಗ್ಲಿಸರೈಡ್ ಏರಿಸುತ್ತದೆ. ಅದನ್ನು ತಗೊಳ್ಳುವಾಗ ಬಸುರಾದರೆ ಮಗುವಿಗೆ ಗಂಭೀರ ಅಂಗದೋಷ ಆಗಬಹುದು, ಹಾಗಾಗಿ ಜೊತೆಗೆ ಗರ್ಭನಿರೋಧಕ ಬೇಕೇ ಬೇಕು. ಹೀಗೆ ಟ್ರೈಗ್ಲಿಸರೈಡ್ ಏರಿಸುವ ಎರಡು ಔಷಧಿ ಒಂದೇ ದೇಹ ಸೇರುತ್ತವೆ. ಒಂದನ್ನು ಬರೆದವರು ಚರ್ಮದ ಡಾಕ್ಟರ್, ಇನ್ನೊಂದನ್ನು ಬರೆದವರು ಸ್ತ್ರೀರೋಗ ತಜ್ಞರು. ಒಬ್ಬರಿಗೆ ಇನ್ನೊಬ್ಬರ ಚೀಟಿ ಗೊತ್ತಿರುವುದಿಲ್ಲ. ಟ್ರೈಗ್ಲಿಸರೈಡ್ ಏರಿತು ಅಂತ ನೀವೇ ಗುಳಿಗೆ ನಿಲ್ಲಿಸಿ ಕ್ಯಾಪ್ಸೂಲ್ ಮುಂದುವರಿಸಿದರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಇಬ್ಬರಿಗೂ ಎರಡೂ ಚೀಟಿ ತೋರಿಸಿ.

ಹಂತ 6: ನಿಮ್ಮದು ಯಾವ ಸಾಲು ಅಂತ ನೋಡಿ

ಟ್ರೈಗ್ಲಿಸರೈಡ್ 150ರ ಒಳಗಿದ್ದು ಉಳಿದದ್ದೂ ಸರಿಯಿದ್ದರೆ ಮುಂದುವರಿಸಿ, ಪದೇ ಪದೇ ಪರೀಕ್ಷೆ ಬೇಡ.

150ರಿಂದ 199 ಗಡಿಯ ಮೇಲೆ. ಒಂದೇ ವ್ಯಕ್ತಿಯಲ್ಲಿ ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೆ ಶೇ. 20ರಷ್ಟು ಆಚೀಚೆ ಆಗುವುದು ಮಾಮೂಲು. ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಿ, ಹಂತ 5ರ ಪಟ್ಟಿ ಪರಿಶೀಲಿಸಿ.

200ರಿಂದ 499 ಅಂದರೆ ಡಾಕ್ಟರ ಹತ್ತಿರ ಕೂತು ಮಾತಾಡಲೇಬೇಕು. ಈಸ್ಟ್ರೋಜೆನ್ ಇಲ್ಲದ ವಿಧಾನಕ್ಕೆ ಹೋಗಬಹುದಾ ಅಂತ ನೀವೇ ಕೇಳಿ. ಎಷ್ಟು ವೇಗದಲ್ಲಿ ಏರುತ್ತಿದೆ ಅನ್ನುವುದೂ ಮುಖ್ಯ. 90ರಿಂದ 220ಕ್ಕೆ ಹಾರಿದವರ ಕಥೆ ಬೇರೆ, ಐದು ವರ್ಷದಿಂದ 210ರಲ್ಲೇ ಇರುವವರ ಕಥೆ ಬೇರೆ.

500 ದಾಟಿದರೆ ಚರ್ಚೆ ಬೇಡ. ಈಸ್ಟ್ರೋಜೆನ್ ಇರುವ ಗುಳಿಗೆ, ಪ್ಯಾಚ್, ರಿಂಗ್ ನಿಮಗೆ ತಕ್ಕದ್ದಲ್ಲ. ತಡ ಮಾಡದೆ ಡಾಕ್ಟರನ್ನು ನೋಡಿ ಬೇರೆ ವಿಧಾನಕ್ಕೆ ಬದಲಿಸಿಕೊಳ್ಳಿ. ಇಲ್ಲಿ ಭಯ ಹೃದಯದ್ದಲ್ಲ, ಮೇದೋಜ್ಜೀರಕ ಗ್ರಂಥಿಯದ್ದು. ಟ್ರೈಗ್ಲಿಸರೈಡ್ ಇಷ್ಟು ಏರಿದಾಗ ಆ ಗ್ರಂಥಿ ಊದಿಕೊಂಡು ತನ್ನ ಜೀರ್ಣರಸದಿಂದ ತನ್ನನ್ನೇ ಸುಡಲು ಶುರು ಮಾಡಬಹುದು. 1000 ದಾಟಿದರೆ ಅಪಾಯ ಇನ್ನೂ ಹೆಚ್ಚು. ವಂಶದಲ್ಲೇ ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ಗುಳಿಗೆ ಅಥವಾ ಬಸುರು ಇದನ್ನು ಹೊರಗೆಳೆಯುವುದುಂಟು.

ಎಲ್‌ಡಿಎಲ್ ವಿಷಯದಲ್ಲಿ 190ಕ್ಕಿಂತ ಹೆಚ್ಚಿದ್ದರೆ ಗುಳಿಗೆಯೊಂದನ್ನೇ ದೂರಿ ಸುಮ್ಮನಾಗಬೇಡಿ. ಅಷ್ಟು ಏರಿಸುವ ಶಕ್ತಿ ಈಗಿನ ಗುಳಿಗೆಗಳಿಗೆ ಸಾಮಾನ್ಯವಾಗಿ ಇಲ್ಲ. ವಂಶದಿಂದ ಬಂದ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದು, ಅಣ್ಣ ತಮ್ಮ ಅಕ್ಕ ತಂಗಿಯರೂ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಇವಿಷ್ಟು ನಂಬರ್. ನಂಬರಿನ ಪಕ್ಕ ನೀವು ಯಾರು ಅನ್ನುವುದನ್ನೂ ಇಡಿ. ವಿಶ್ವ ಆರೋಗ್ಯ ಸಂಸ್ಥೆ 1996ರಿಂದ ಒಂದು ಅರ್ಹತಾ ಪಟ್ಟಿ ಹೊರತರುತ್ತಿದೆ. 1 ಅಂದರೆ ಯಾವ ಅಡ್ಡಿಯೂ ಇಲ್ಲ, 2 ಅಂದರೆ ಅಪಾಯಕ್ಕಿಂತ ಲಾಭ ಹೆಚ್ಚು, 3 ಅಂದರೆ ಲಾಭಕ್ಕಿಂತ ಅಪಾಯ ಹೆಚ್ಚು, 4 ಅಂದರೆ ಬೇಡವೇ ಬೇಡ. ಬೇರೆ ಯಾವ ತೊಂದರೆಯೂ ಇಲ್ಲದೆ ರಕ್ತದ ಕೊಬ್ಬು ಮಾತ್ರ ಏರುಪೇರಾಗಿದ್ದರೆ 2015ರ ಆವೃತ್ತಿಯಲ್ಲಿ ಸಂಯುಕ್ತ ಗುಳಿಗೆಗೆ ಕೊಟ್ಟಿರುವುದು 2. ಆದರೆ ವಯಸ್ಸು, ಸಿಗರೇಟು, ಶುಗರ್, ಬಿಪಿ, ಕೊಬ್ಬು ಹೀಗೆ ಹಲವು ಒಟ್ಟಿಗೆ ಸೇರಿದರೆ ಅದು 3 ಅಥವಾ 4 ಆಗುತ್ತದೆ, ಡಿಎಂಪಿಎ ಇಂಜೆಕ್ಷನ್ 3 ಆಗುತ್ತದೆ. ಪ್ರೊಜೆಸ್ಟೋಜೆನ್ ಮಾತ್ರ ಇರುವ ಗುಳಿಗೆ, ಇಂಪ್ಲಾಂಟ್, ಹಾರ್ಮೋನ್ ವಂಕಿ 2ರಲ್ಲೇ ಇರುತ್ತವೆ. ಕಾಪರ್-ಟಿ 1. ವಯಸ್ಸು 35 ಅಥವಾ ಹೆಚ್ಚಾಗಿದ್ದು ದಿನಕ್ಕೆ 15 ಸಿಗರೇಟು ಅಥವಾ ಹೆಚ್ಚು ಸೇದುವವರಿಗೆ, ಬಿಪಿ 160/100 ಮುಟ್ಟಿದವರಿಗೆ, ಕಣ್ಣ ಮುಂದೆ ಮಿಂಚಿನ ಗೆರೆ ಬಂದು ಶುರುವಾಗುವ ಮೈಗ್ರೇನ್ ಇರುವವರಿಗೆ ಸಂಯುಕ್ತ ಗುಳಿಗೆ 4. ಅವರ ಲಿಪಿಡ್ ರಿಪೋರ್ಟ್ ಎಷ್ಟು ಚೆನ್ನಾಗಿದ್ದರೂ ಇದು ಬದಲಾಗುವುದಿಲ್ಲ.

ಹಂತ 7: ಬದಲಿಸುವುದಾದರೆ ಮಧ್ಯೆ ಖಾಲಿ ಬಿಡಬೇಡಿ

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಕೊಲೆಸ್ಟ್ರಾಲಿಗೆ ಹೆದರಿ ಗುಳಿಗೆ ನಿಲ್ಲಿಸುತ್ತಾರೆ, ಬದಲಿ ವಿಧಾನ “ಮುಂದಿನ ತಿಂಗಳು ನೋಡೋಣ” ಅಂತ ಮುಂದೆ ಹಾಕುತ್ತಾರೆ, ಅಷ್ಟರಲ್ಲಿ ಬಸುರು. ಬಸುರಿನಲ್ಲಿ ರಕ್ತದ ಕೊಬ್ಬು ಏರುವಷ್ಟು ಗುಳಿಗೆಯಿಂದ ಸಾಮಾನ್ಯವಾಗಿ ಏರುವುದಿಲ್ಲ.

ಮೊದಲು ಬದಲಿ ವಿಧಾನ ನಿಗದಿ ಮಾಡಿಕೊಳ್ಳಿ, ಆಮೇಲೆ ಹಳೆಯದನ್ನು ಬಿಡಿ. ಸಂಯುಕ್ತ ಗುಳಿಗೆಯಿಂದ ಪ್ರೊಜೆಸ್ಟೋಜೆನ್ ಗುಳಿಗೆಗೆ ಹೋಗುವಾಗ ಹಾರ್ಮೋನ್ ಇರುವ ಕೊನೆಯ ಗುಳಿಗೆಯ ಮರುದಿನವೇ ಹೊಸದನ್ನು ಶುರು ಮಾಡಿ. ಬಣ್ಣ ಬೇರೆ ಇರುವ ಗುಳಿಗೆಗಳನ್ನು ನುಂಗುತ್ತಾ ಕೂರಬೇಡಿ. ಇಂಪ್ಲಾಂಟ್ ಅಥವಾ ಹಾರ್ಮೋನ್ ವಂಕಿ ಯಾವಾಗ ಹಾಕಿಸಿದಿರಿ ಅನ್ನುವುದರ ಮೇಲೆ ಮೊದಲ 7 ದಿನ ಕಾಂಡೋಮ್ ಬೇಕಾಗಬಹುದು, ಹಾಕುವವರನ್ನೇ ಕೇಳಿ. ಕಾಪರ್-ಟಿ ಹಾಕಿದ ಕ್ಷಣದಿಂದಲೇ ಕೆಲಸ ಶುರು.

ಕೊಲೆಸ್ಟ್ರಾಲಿಗೆ ಔಷಧಿಯನ್ನೂ ಬರೆದುಕೊಟ್ಟರೆ ಎರಡು ವಿಷಯ. ಮೊದಲನೆಯದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಗುಳಿಗೆ ಗರ್ಭನಿರೋಧಕವನ್ನು ದುರ್ಬಲ ಮಾಡುವುದಿಲ್ಲ. ಅಟೋರ್ವಸ್ಟ್ಯಾಟಿನ್, ರೋಸುವಸ್ಟ್ಯಾಟಿನ್ ಎರಡೂ ರಕ್ತದಲ್ಲಿ ಹಾರ್ಮೋನ್ ಮಟ್ಟವನ್ನು ಸ್ವಲ್ಪ ಏರಿಸುತ್ತವೆ, ಅಷ್ಟೆ. ಆದರೆ ಬಸುರಾಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಹೆಚ್ಚಿನವರಿಗೆ ಆಗ ಸ್ಟ್ಯಾಟಿನ್ ನಿಲ್ಲಿಸುತ್ತಾರೆ. ಎರಡನೆಯದು, ಕೊಲೆಸೆವೆಲಾಮ್ ತರಹದ ಔಷಧಿ. ಇದು ಕರುಳಿನಲ್ಲಿ ಪಿತ್ತವನ್ನು ಹಿಡಿಯುವಂಥದ್ದು, ಜೊತೆಗೆ ಗರ್ಭನಿರೋಧಕ ಗುಳಿಗೆಯನ್ನೂ ಹಿಡಿದುಬಿಡುತ್ತದೆ. ಹಾಗಾಗಿ ಗರ್ಭನಿರೋಧಕ ಗುಳಿಗೆಯನ್ನು ಅದಕ್ಕಿಂತ ಕನಿಷ್ಠ 4 ಗಂಟೆ ಮುಂಚೆ ನುಂಗಿ.

ಬದಲಿಸಿ 3 ತಿಂಗಳಿಗೆ ಮತ್ತೆ ಪರೀಕ್ಷೆ. 500 ದಾಟಿದ್ದವರಿಗೆ ಡಾಕ್ಟರು ಇನ್ನೂ ಬೇಗ ಕರೆಯುತ್ತಾರೆ. ಗುಳಿಗೆಯಿಂದ ಏರಿದ್ದು ಗುಳಿಗೆ ಬಿಟ್ಟ ಮೇಲೆ ಇಳಿಯಲೇಬೇಕು. ಇಳಿಯದಿದ್ದರೆ ಕಳ್ಳ ಬೇರೆಯವನು, ಮತ್ತೆ ಹಂತ 5. ಇಂಜೆಕ್ಷನ್ ಬಿಟ್ಟವರು ಇನ್ನಷ್ಟು ಕಾಯಬೇಕು. ಕೊನೆಯ ಡೋಸ್ 3 ತಿಂಗಳಿಗೆ ಪೂರ್ತಿ ಖಾಲಿಯಾಗುವುದಿಲ್ಲ, ನಿಧಾನಕ್ಕೆ ಹೊರಹೋಗುತ್ತದೆ.

ಕಾಯಬಾರದ ಲಕ್ಷಣಗಳು

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು, ಅದು ಬೆನ್ನಿಗೆ ಹರಿಯುವುದು, ಜೊತೆಗೆ ವಾಂತಿ: ಇದು ಮೇದೋಜ್ಜೀರಕ ಗ್ರಂಥಿ ಇರಬಹುದು. ಒಂದೇ ಕಾಲು ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹಿಂದೆಂದೂ ಬರದಂಥ ತಲೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು: ಇವು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಗ್ಯಾಸ್ ಅಂತ ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲ ಮಾತೇ “ನಾನು ಗರ್ಭನಿರೋಧಕ ಗುಳಿಗೆ ತಗೊಳ್ತಿದ್ದೀನಿ” ಅಂತಿರಲಿ. ಕೇಳಿದರೂ ಹೇಳದವರಿದ್ದಾರೆ, ಮನೆಯವರು ಪಕ್ಕದಲ್ಲಿದ್ದಾರೆ ಅಂತ ಸಂಕೋಚ. ಪಕ್ಕದವರನ್ನು ಹೊರಗೆ ಕಳಿಸಲು ನರ್ಸಿಗೆ ಹೇಳಬಹುದು.

ಮೊಣಕೈ ಅಥವಾ ಪೃಷ್ಠದ ಮೇಲೆ ಹಳದಿ-ಕೆಂಪು ಸಣ್ಣ ಗುಳ್ಳೆಗಳು ಒಮ್ಮೆಗೇ ಎದ್ದರೂ ಟ್ರೈಗ್ಲಿಸರೈಡ್ ಪರೀಕ್ಷೆ ಆ ವಾರವೇ ಆಗಲಿ. ಅದು ವಿಪರೀತ ಏರಿದಾಗ ಚರ್ಮದಲ್ಲಿ ಕೊಬ್ಬು ಹೀಗೆ ಹೊರಬರುತ್ತದೆ.

ಕೊನೆಗೆ, ಪ್ರತಿ ಸಲ ಬರುವ ಇನ್ನೊಂದು ಪ್ರಶ್ನೆ: ಒಮ್ಮೆ ತುರ್ತು ಗುಳಿಗೆ ನುಂಗಿದ್ದೆ, ಅದರಿಂದ ಕೊಲೆಸ್ಟ್ರಾಲ್ ಏರಿತಾ? ಇಲ್ಲ. ಅದು ಒಂದೇ ಡೋಸ್, ಸಾಮಾನ್ಯವಾಗಿ ಲೆವೊನಾರ್ಜೆಸ್ಟ್ರಲ್ 1.5 ಮಿಲಿಗ್ರಾಂ, ಕೆಲವೇ ದಿನದಲ್ಲಿ ದೇಹದಿಂದ ಹೋಗಿಬಿಡುತ್ತದೆ. ತಿಂಗಳುಗಳ ನಂತರದ ರಿಪೋರ್ಟಿಗೂ ಅದಕ್ಕೂ ಸಂಬಂಧವಿಲ್ಲ.